ಬೆನ್ನು ನೋಡಿ ಪುಸ್ತಕ ಆರಿಸಿದ ಕಥೆ

ಮರದ ಕಾಂಡವೇ ಮಾಯವಾಗಿತ್ತು.

ಅಗಲಕ್ಕೆ ಕೊಂಬೆ ಚಾಚಿಕೊಂಡ ದೊಡ್ಡ ಮರ ಅದು. ಒಂದು ಪುಟದಲ್ಲಿ ಹಿಡಿಸುವಂಥದ್ದಲ್ಲ. ಎ5 ಅಳತೆಯ ನನ್ನ ಸ್ಕೆಚ್‌ಬುಕ್ಕನ್ನು ಪೂರ್ತಿ ತೆರೆದು ಮಂಡಿಯ ಮೇಲಿಟ್ಟುಕೊಂಡು, ಎರಡೂ ಪುಟ ಸೇರಿಸಿ ಬರೆಯಲು ಕೂತೆ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಎಡಗಡೆಯ ಕೊಂಬೆಗಳು ಚೆನ್ನಾಗಿ ಬಂದವು. ಬಲಗಡೆಯವೂ ಪರವಾಗಿಲ್ಲ. ನಡುವಿನ ಕಾಂಡ ಮಾತ್ರ ಎರಡು ಪುಟ ಸೇರುವ ಸಂದಿಯೊಳಗೆ ಇಳಿದುಹೋಗಿತ್ತು. ಅಂಗೈಯಿಂದ ಒತ್ತಿ ಹಿಡಿದರೆ ಕಾಣುತ್ತದೆ. ಕೈ ತೆಗೆದರೆ ಎರಡೂ ಕಡೆಯ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಮರವೇ ಇಲ್ಲ.

ಸಿಟ್ಟು ಬಂದು ಇನ್ನೊಂಚೂರು ಜೋರಾಗಿ ಒತ್ತಿದೆ. ಟಪ್ ಅಂತ ಸದ್ದಾಯಿತು. ಒಂದು ವಾರದೊಳಗೆ ಆ ಹಾಳೆ ಕಳಚಿ ಕೈಗೆ ಬಂತು. ಅದರ ಹಿಂದೆಯೇ ಇನ್ನೆರಡು.

ಅಲ್ಲಿಯವರೆಗೆ ಸ್ಕೆಚ್‌ಬುಕ್ ಕೊಳ್ಳುವಾಗ ನಾನು ನೋಡುತ್ತಿದ್ದದ್ದು ಕಾಗದ ಒಂದನ್ನೇ. ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ), ಬಿಳಿಯೋ ಕೆನೆ ಬಣ್ಣವೋ, ನುಣುಪೋ ತರಿತರಿಯೋ. ಬೆರಳಲ್ಲಿ ಉಜ್ಜುವುದು, ಬೆಳಕಿಗೆ ಹಿಡಿಯುವುದು, ದೊಡ್ಡ ಜಾಣನ ಹಾಗೆ ತಲೆಯಾಡಿಸುವುದು. ಪುಸ್ತಕ ತಿರುಗಿಸಿ ಅದರ ಬೆನ್ನು ನೋಡಿದವನೇ ಅಲ್ಲ.

ಹಳೇ ಪುಸ್ತಕಗಳಿಗೆ ಬೈಂಡ್ ಹಾಕುವ ಹಿರಿಯರೊಬ್ಬರು ನನಗೆ ಪರಿಚಯ. ಕಳಚಿದ ಹಾಳೆಗಳ ಸಮೇತ ಪುಸ್ತಕವನ್ನು ಅವರ ಮುಂದಿಟ್ಟೆ. ಅವರು ಮರದ ಕಡೆ ಕಣ್ಣೂ ಹಾಯಿಸಲಿಲ್ಲ. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಮೇಲ್ತುದಿಯಿಂದ ಬೆನ್ನಿನೊಳಕ್ಕೆ ಇಣುಕಿದರು.

"ಇದಕ್ಕೆ ಹೊಲಿಗೇನೇ ಇಲ್ವಲ್ಲೋ," ಅಂದರು.

"ಗಟ್ಟಿ ರಟ್ಟು ಇದೆಯಲ್ಲ ಸರ್?"

"ರಟ್ಟು ಅಂಗಿ ಕಣೋ. ಒಳಗೆ ಮೂಳೆ ಇದೆಯಾ ನೋಡು."

ನನಗೂ ತೋರಿಸಿದರು. ನನ್ನ ಪುಸ್ತಕದ ಹಾಳೆಗಳು ಒಂದೊಂದೂ ಬಿಡಿ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ, ಒಂದು ಅಂಚನ್ನು ನೇರವಾಗಿ ಕತ್ತರಿಸಿ, ಅದಕ್ಕೆ ಅಂಟು ಬಳಿದು ರಟ್ಟು ಮೆತ್ತಿದ್ದಾರೆ, ಅಷ್ಟೇ. ಇದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಅಂತ ಹೆಸರು. ಹೆಸರಿಟ್ಟವರು ತಮಾಷೆಗಾರರೇ ಇರಬೇಕು. ಬಿಸಿ ಮಾಡಿ ಹಚ್ಚುವ ಆ ಅಂಟು ವರ್ಷ ಕಳೆದಂತೆ ಬಿರುಸಾಗುತ್ತದೆ, ಬಗ್ಗಿಸಿದರೆ ಸೀಳುತ್ತದೆ. ಪಿಯುಆರ್ ಅನ್ನುವ ಇನ್ನೊಂದು ಜಾತಿಯ ಅಂಟು ಇದಕ್ಕಿಂತ ಚೆನ್ನಾಗಿ ಬಾಗುತ್ತದೆ. ಆದರೆ ಕಾದಂಬರಿಯ ತೆಳು ಕಾಗದಕ್ಕೆ ಸಾಲುವ ಅಂಟು, ದಪ್ಪ ಹಾಳೆಯನ್ನು ದಿನಾ ಅಗಲಿಸಿ ಒತ್ತುವವನಿಗೆ ಸಾಲುವುದು ಕಷ್ಟ.

ಆಮೇಲೆ ಅವರು ತಮ್ಮ ಮೇಜಿನ ಮೇಲಿದ್ದ ಹಳೆಯ ದಪ್ಪ ಪುಸ್ತಕವೊಂದನ್ನು ಎತ್ತಿ ಅದರ ತಲೆ ತೋರಿಸಿದರು. ಬೆನ್ನಿನ ಹತ್ತಿರ ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ, ಒಂದೊಂದೂ ಮಡಿಕೆಯ ಕಡೆ ದುಂಡಗಾಗಿ ನಿಂತಿದ್ದವು. ಅಚ್ಚಿನವರು ಇಂಥ ಕಂತೆಗೆ ಫಾರಂ ಅನ್ನುತ್ತಾರೆ. ನಾಲ್ಕು ಹಾಳೆ ಒಂದರೊಳಗೊಂದು ಇಟ್ಟು ನಡುವೆ ಮಡಚಿದರೆ 16 ಪುಟದ ಒಂದು ಫಾರಂ. ಆ ಮಡಿಕೆಯ ಮೂಲಕವೇ ದಾರ ಹೋಗುತ್ತದೆ. ಹಾಳೆ ಕಿತ್ತುಬರಬೇಕಾದರೆ ಕಾಗದವೇ ಹರಿಯಬೇಕು.

ಲಿಯನಾರ್ಡೋ ಡ ವಿಂಚಿಯ ಕೋಡೆಕ್ಸ್ ಲೆಸ್ಟರ್ ಅನ್ನುವ ಟಿಪ್ಪಣಿ ಪುಸ್ತಕದ ಲೆಕ್ಕವೂ ಇದೇ ಥರ. 18 ಹಾಳೆ, ಒಂದೊಂದನ್ನೂ ನಡುವೆ ಮಡಚಿದ್ದು, ಒಟ್ಟು 72 ಪುಟ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಒಂದು ಕಡೆ ಬರುತ್ತದೆ.

ಮನೆಗೆ ಬಂದು ಒಂದು ತೀರ್ಮಾನ ಮಾಡಿದೆ. ಬೇರೆ ಬೇರೆ ಕಟ್ಟಿನ ಪುಸ್ತಕಗಳನ್ನು ತಂದಿಟ್ಟುಕೊಳ್ಳುವುದು. ಮೂರು ತಿಂಗಳು ಸರದಿ ಪ್ರಕಾರ ಬಳಸುವುದು. ಪ್ರತಿ ಪುಸ್ತಕದಲ್ಲೂ ಮೊದಲು ಒಂದೇ ಚಿತ್ರ ಬರೆಯುವುದು, ಕಿಟಕಿಯಿಂದ ಕಾಣುವ ಎದುರು ಛಾವಣಿ ಮತ್ತು ಅದರ ಮೇಲೆ ಹಾದುಹೋಗುವ ತಂತಿಗಳು. ಚಿತ್ರ ಒಂದೇ ಆದರೆ ಪುಸ್ತಕ ಏನು ಮಾಡುತ್ತದೆ ಅನ್ನೋದು ಗೊತ್ತಾಗಬೇಕಲ್ವಾ?

ಮೊದಲು ಹೋದದ್ದು ಸ್ಪೈರಲ್‌ಗೆ. ಪೂರ್ತಿ ಹಿಂದಕ್ಕೆ ಮಡಚಿ ಒಂದೇ ಕೈಯಲ್ಲಿ ಹಿಡಿದು, ನಿಂತುಕೊಂಡೇ ಬರೆಯಬಹುದು. ಮಂಡಿ ಬೇಡ, ಮೇಜು ಬೇಡ. ಇದರಲ್ಲಿ ಎರಡು ಬಗೆ ಇದೆ ಅನ್ನೋದೂ ಆಗಲೇ ಗೊತ್ತಾದದ್ದು. ಒಂದರಲ್ಲಿ ಒಂದೇ ತಂತಿ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಅದನ್ನು ತೆರೆದಿಟ್ಟರೆ ಎಡಪುಟ ಬಲಪುಟ ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ, ಒಂದು ಕೂದಲೆಳೆ ಮೇಲೆ, ಇನ್ನೊಂದು ಕೆಳಗೆ. ನನ್ನ ಛಾವಣಿಯ ಗೆರೆ ನಡುವೆ ಮೆಟ್ಟಿಲು ಹತ್ತಿತ್ತು. ಇನ್ನೊಂದು ಬಗೆಯಲ್ಲಿ ಜೋಡಿ ತಂತಿಯ ಉಂಗುರಗಳು. ಪುಟಗಳು ಸರಿಯಾಗಿ ಎದುರುಬದುರು ನಿಲ್ಲುತ್ತವೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ನಾನು ಎಡಗೈಯವನು. ಅದನ್ನು ಮೊದಲೇ ಹೇಳಬೇಕಿತ್ತು. ಬಲಗೈಯವರಿಗೆ ಎಡಬದಿಯ ತಂತಿ ಕಾಣಿಸುವುದೇ ಇಲ್ಲ, ನನಗೆ ಅದರ ಮೇಲೇ ಮಣಿಕಟ್ಟು ಊರಬೇಕು. ಒಂದು ಗಂಟೆ ಬರೆದ ಮೇಲೆ ಕೈ ನೋಡಿದರೆ ಸಾಲಾಗಿ ಅಚ್ಚು ಒತ್ತಿದ ಗುರುತು. ಉಪಾಯ ಸರಳ: ಪುಸ್ತಕವನ್ನು ಹಿಂದಿನ ರಟ್ಟು ಮೇಲೆ ಬರುವಂತೆ ಮಗುಚಿ, ಹಿಂದಿನ ಪುಟದಿಂದ ಶುರು ಮಾಡುವುದು. ತಂತಿ ಬಲಕ್ಕೆ ಹೋಗುತ್ತದೆ. ಇಲ್ಲವೇ ನೆತ್ತಿಯ ಮೇಲೆ ತಂತಿ ಇರುವ ಪುಸ್ತಕ ತರುವುದು. ಲಿಯನಾರ್ಡೋ ಕೂಡ ಎಡಗೈಯವನೇ. ಅವನು ಕನ್ನಡಿಯಲ್ಲಿ ಕಂಡ ಹಾಗೆ ಬಲದಿಂದ ಎಡಕ್ಕೆ ಬರೆದುಕೊಂಡು ಹೋದ. ನನಗೆ ಪುಸ್ತಕ ತಿರುಗಿಸುವಷ್ಟೇ ಬುದ್ಧಿ.

ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. ತಂತಿಯ ತೂತು ತಂತಿಗಿಂತ ದೊಡ್ಡದು. ಚೀಲದಲ್ಲಿ ನಡೆದಾಡಿದಂತೆಲ್ಲ ಪುಟಗಳು ಅಲುಗಾಡಿ ಒಂದರ ಮೇಲೊಂದು ಉಜ್ಜುತ್ತವೆ. ನನ್ನ ಮೆತ್ತನೆಯ 4ಬಿ ಪೆನ್ಸಿಲಿನ ನೆರಳುಗಳೆಲ್ಲ ಎದುರು ಪುಟಕ್ಕೆ ಬೂದಿಯಾಗಿ ಅಂಟಿದ್ದವು. ಪೆನ್ನಿನಲ್ಲಿ ಬರೆಯುವವರಿಗೆ ಇದರ ತಂಟೆ ಇಲ್ಲ.

ಈ ಎಲ್ಲದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಒಂದು ಸಂಜೆ ತಂತಿಯೊಳಗೆ ಕಸ ಸಿಕ್ಕಿಕೊಂಡಿದೆ ಅಂತ ಸೂಜಿಯಿಂದ ಕೆದಕಿದೆ. ಕಸ ಅಲ್ಲ, ಕಾಗದದ ಚೂರುಗಳು. ಹಾಳೆ ಹರಿದಾಗ ತೂತಿನ ಅಂಚಿನಲ್ಲಿ ಉಳಿದ ಸಣ್ಣ ಸಣ್ಣ ಹಲ್ಲುಗಳು. ಮೇಜಿನ ಮೇಲೆ ಉದುರಿಸಿದರೆ ಒಂದು ಚಿಟಿಕೆ ಆಯಿತು. ಪುಸ್ತಕದ ಮೇಲೆ 50 ಹಾಳೆ ಅಂತ ಬರೆದಿದೆ. ಎಣಿಸಿದೆ. 31 ಇದ್ದವು.

19 ಹಾಳೆ ಹರಿದು ಎಸೆದಿದ್ದೆ. ಎಸೆದದ್ದು ನೆನಪೂ ಇರಲಿಲ್ಲ. ಕಣ್ಣು ಮೇಲೆ ಕೆಳಗೆ ಆದ ಮುಖ, ಆರು ಬೆರಳಿನಂತೆ ಕಾಣುವ ಕೈ, ಎಲ್ಲಾ ಸರ್‍ರಂತ ಹರಿದು ಬುಟ್ಟಿಗೆ. ಉಳಿದ 31 ನೋಡಿದರೆ ನಾನು ಒಳ್ಳೆಯ ಚಿತ್ರಗಾರ ಅನ್ನಿಸುವ ಹಾಗಿತ್ತು. ಹರಿದವುಗಳಲ್ಲಿ ಒಂದು ಮಾತ್ರ ಬೇರೆ ಪುಸ್ತಕವೊಂದರಲ್ಲಿ ಗುರುತಿನ ಚೀಟಿಯಾಗಿ ಸಿಕ್ಕಿತು. ಮಲಗಿದ ನಾಯಿ. ಹಿಂಗಾಲು ತಪ್ಪಿದೆ. ಆದರೆ ಬೆನ್ನಿನ ಗೆರೆ ಒಂದೇ ಎಳೆತದಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ಉಳಿಸಿಕೊಂಡ ಯಾವ ಪುಟದಲ್ಲೂ ಅಂಥ ಗೆರೆ ಇಲ್ಲ.

ಅಲ್ಲಿಗೆ ನನ್ನ ಹುಡುಕಾಟದ ದಾರಿ ಸ್ವಲ್ಪ ಬದಲಾಯಿತು. ಪುಸ್ತಕ ಚಪ್ಪಟೆಯಾಗಿ ತೆರೆಯುತ್ತದಾ ಅನ್ನೋದರ ಜೊತೆಗೆ, ನಾನು ಹರಿಯದ ಹಾಗೆ ಅದು ತಡೆಯುತ್ತದಾ ಅನ್ನೋದೂ ಸೇರಿಕೊಂಡಿತು. ಚಿತ್ರ ಬಿಡಿಯಾಗಿ ಕೊಡಬೇಕಾದವರಿಗೆ, ಸ್ಕ್ಯಾನ್ ಮಾಡುವವರಿಗೆ ಇದು ತಿರುವುಮುರುವು. ಅವರಿಗೆ ಸುಲಭವಾಗಿ ಹರಿದುಬರುವುದೇ ವರ. ಹರಿಯಲು ಅಂತಲೇ ಸಾಲು ತೂತು ಹೊಡೆದ ಸ್ಪೈರಲ್ ಪುಸ್ತಕಗಳೂ ಇವೆ. ನಾನಂತೂ ಅದರಿಂದ ದೂರ.

ಮುಂದಿನದು ಪಿನ್ ಹೊಡೆದ ತೆಳು ಪುಸ್ತಕ, ಶಾಲೆಯ ನೋಟ್‌ಬುಕ್ಕಿನ ಹಾಗೆ ನಡುವೆ ಎರಡು ಪಿನ್. ಒಂದೇ ಫಾರಂ, ಅದೇ ಇಡೀ ಪುಸ್ತಕ. ಹಗುರ. ಹೆದರಿಕೆಯೇ ಇಲ್ಲ, ಹಾಳಾದರೆ ಹಾಳಾಗಲಿ ಅನ್ನುವ ಧೈರ್ಯದಲ್ಲಿ ಕೈ ಓಡುತ್ತದೆ. ಆದರೆ ಹಾಳೆ ಜಾಸ್ತಿ ಹಾಕುವಂತಿಲ್ಲ. ಜಾಸ್ತಿ ಹಾಕಿದರೆ ಒಳಗಿನ ಹಾಳೆಗಳು ಮುಂದಕ್ಕೆ ತಳ್ಳಿಕೊಂಡು ಬರುತ್ತವೆ, ಅಂಚು ಸಮ ಮಾಡಲು ಕತ್ತರಿಸಿದರೆ ನಡುವಿನ ಪುಟ ಹೊರಗಿನದಕ್ಕಿಂತ ಸಣ್ಣದಾಗುತ್ತದೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಮೆತ್ತನೆಯ ಹೊದಿಕೆಯ ಪುಸ್ತಕಗಳನ್ನು ಸುರುಳಿ ಸುತ್ತಿ ಜೇಬಿಗಿಳಿಸಿಕೊಂಡು ತಿರುಗುತ್ತಿದ್ದನಂತೆ. ನಾನೂ ಸುತ್ತಿ ನೋಡಿದೆ. ಆಮೇಲೆ ಅದು ಚಪ್ಪಟೆಯಾಗಲು ಎರಡು ದಿನ ದಪ್ಪ ನಿಘಂಟಿನ ಕೆಳಗೆ ಮಲಗಬೇಕಾಯಿತು.

ಜಪಾನಿನ ನಾಲ್ಕು ತೂತಿನ ಹೊಲಿಗೆಯನ್ನು ಅದರ ಚೆಂದ ನೋಡಿ ಹಿಡಿದೆ. ಮಾಡುವುದೂ ಸುಲಭ, ಬಿಡಿ ಹಾಳೆಗಳ ಅಂಚಿನಲ್ಲಿ ನಾಲ್ಕು ತೂತು ಹೊಡೆದು ಹೊರಗಿನಿಂದಲೇ ದಾರ ಸುತ್ತುವುದು. ಅರ್ಧ ಗಂಟೆಯಲ್ಲಿ ಮುಗಿಯಿತು. ತೆರೆದರೆ ತೆರೆಯದು! ಅಂಚಿನ ಒಂದೂವರೆ ಸೆಂಟಿಮೀಟರು ಹೊಲಿಗೆಯೊಳಗೇ ಹೋಯಿತು, ಉಳಿದದ್ದು ಕಮಾನಿನಂತೆ ಎದ್ದು ನಿಂತಿತು. ತೆಳುವಾದ, ಮೆತ್ತಗಿನ ಕಾಗದಕ್ಕೆ ಹುಟ್ಟಿದ ಕಟ್ಟು ಅದು. 200 ಜಿಎಸ್‌ಎಂ ಕಾಗದಕ್ಕೆ ಹಾಕಿದ್ದು ನನ್ನ ದಡ್ಡತನ.

ಜಲವರ್ಣಕ್ಕೆ ಅಂತ ಬರುವ ಬ್ಲಾಕ್ ಬಗ್ಗೆ ಎರಡು ಮಾತು. 300 ಜಿಎಸ್‌ಎಂ ಹಾಳೆಗಳನ್ನು ಒಟ್ಟಿ ಸುತ್ತಲೂ ಅಂಚಿಗೆ ಅಂಟು ಹಾಕಿರುತ್ತಾರೆ, ಒಂದು ಕಡೆ ಸ್ವಲ್ಪ ಜಾಗ ಬಿಟ್ಟು. ಎಷ್ಟು ನೀರು ಸುರಿದರೂ ಒಣಗಿದ ಮೇಲೆ ಹಾಳೆ ತಮಟೆಯ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಬಿಟ್ಟ ಜಾಗದಲ್ಲಿ ಮೊಂಡು ಚಾಕು ತೂರಿಸಿ ಬಿಡಿಸಿಕೊಳ್ಳಬೇಕು. ಬಣ್ಣ ಹಚ್ಚಲು ಇದಕ್ಕಿಂತ ಸುಖ ಇಲ್ಲ. ಆದರೆ ಇದು ಪುಸ್ತಕವೇ ಅಲ್ಲ. ಮೊದಲನೆಯದು ಒಣಗುವವರೆಗೆ ಎರಡನೆಯದು ಸಿಗುವುದಿಲ್ಲ, ಒಣಗಿದ ಮೇಲೆ ಬಿಡಿ ಹಾಳೆಗಳನ್ನು ಎಲ್ಲಿಡುವುದು ಅನ್ನುವ ಚಿಂತೆ.

ಅಕಾರ್ಡಿಯನ್ ಪುಸ್ತಕದ ಮೇಲೆ ಮಾತ್ರ ನನಗೆ ಆಸೆ ಹೋಗಿಲ್ಲ. ಒಂದೇ ಉದ್ದ ಕಾಗದ, ಹಿಂದೆ ಮುಂದೆ ಮಡಚಿದ್ದು. ಎರಡು ತುದಿಗೆ ರಟ್ಟು. ಹೊಲಿಗೆಯೂ ಇಲ್ಲ, ಬೆನ್ನೂ ಇಲ್ಲ. ಹಾಗಾಗಿ ಸಂದಿಯೇ ಇಲ್ಲ. ಕನ್ನಡದವರಿಗೆ ಇದು ಹೊಸದೇನಲ್ಲ. ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಹೀಗೇ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದರ ಹೆಸರು ಕಡತ. ಈಗ ಫೈಲಿಗೆ ಕಡತ ಅನ್ನುತ್ತೇವೆ, ಮಡಿಕೆ ಮರೆತುಹೋಗಿದೆ. ಎದುರು ಛಾವಣಿಯಿಂದ ಶುರು ಮಾಡಿ ಪಕ್ಕದ್ದು, ಅದರ ಪಕ್ಕದ್ದು ಅಂತ ಒಂಬತ್ತು ಮಡಿಕೆ ಉದ್ದಕ್ಕೂ ತಂತಿಗಳನ್ನು ಎಳೆದುಕೊಂಡು ಹೋದೆ. ಆ ದಿನದ ಖುಷಿಯೇ ಬೇರೆ. ಮರುದಿನ ಹೊರಗೆ ಒಯ್ದೆ. ಒಂದು ಗಾಳಿ ಬೀಸಿತು ನೋಡಿ, ಇಡೀ ಪುಸ್ತಕ ಕೈಯಿಂದ ಜಾರಿ ಹಾವಿನ ಹಾಗೆ ನೆಲಕ್ಕೆ ಇಳಿಯಿತು. ಈಗ ಕ್ಲಿಪ್ ಇಲ್ಲದೆ ಅದನ್ನು ಹೊರಗೆ ತೆಗೆಯುವುದಿಲ್ಲ.

ಕೊನೆಗೆ ಉಳಿದದ್ದು ಹೊಲಿದ ಪುಸ್ತಕ.

ಕಾರ್ಖಾನೆಯಲ್ಲಿ ಹೊಲಿದ ಗಟ್ಟಿ ರಟ್ಟಿನದ್ದನ್ನು ಈ ಸಲ ಪರೀಕ್ಷೆ ಮಾಡಿಯೇ ತಂದೆ. ತಲೆಯ ಕಡೆಯಿಂದ ಇಣುಕಿ ಕಂತೆಗಳಿವೆಯಾ ನೋಡಿದೆ. ಒಂದು ಕಂತೆಯ ನಡುವಿನ ಪುಟಕ್ಕೆ ಹೋಗಿ ದಾರ ಕಾಣುತ್ತದಾ ನೋಡಿದೆ. ಕೆಲವರು ಪುಸ್ತಕದ ಬೆನ್ನಿನ ತುದಿಗೆ ಬಣ್ಣದ ಪಟ್ಟಿ ಅಂಟಿಸಿ ಹೊಲಿಗೆಯ ಹಾಗೆ ಕಾಣಿಸುತ್ತಾರೆ, ಅದು ಅಲಂಕಾರ ಅಷ್ಟೇ. ಆ ಪಟ್ಟಿ ನೋಡಿ ಮೋಸ ಹೋಗಬೇಡಿ, ಒಳಗಿನ ದಾರ ನೋಡಿ. ತಂದ ದಿನವೇ ನಡುವಿಗೆ ತೆರೆದು ಒತ್ತಲಿಲ್ಲ. ಮೇಜಿನ ಮೇಲೆ ಬೆನ್ನು ಊರಿ ನಿಲ್ಲಿಸಿ, ಮುಂದಿನಿಂದ ನಾಲ್ಕು ಹಾಳೆ, ಹಿಂದಿನಿಂದ ನಾಲ್ಕು ಹಾಳೆ, ಹೀಗೆ ಎರಡೂ ಕಡೆಯಿಂದ ಸವರುತ್ತಾ ನಡುವಿಗೆ ಬಂದೆ. ಅದನ್ನೂ ಆ ಹಿರಿಯರೇ ಹೇಳಿಕೊಟ್ಟಿದ್ದು. ಚೆನ್ನಾಗಿಯೇ ತೆರೆಯಿತು. ಪೂರ್ತಿ ಚಪ್ಪಟೆ ಅಲ್ಲ, ಆದರೆ ಕಾಂಡ ನುಂಗುವಷ್ಟು ಸಂದಿಯೂ ಇಲ್ಲ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅಷ್ಟರಲ್ಲಿ ನನಗೆ ಹೊಲಿಗೆಯ ಹುಚ್ಚು ಹಿಡಿದಿತ್ತು.

ಕಾಪ್ಟಿಕ್ ಅನ್ನುವ ಒಂದು ಹೊಲಿಗೆ ಇದೆ. ಈಜಿಪ್ಟಿನ ಹಳೆಯ ಕ್ರೈಸ್ತರ ಪುಸ್ತಕಗಳಿಂದ ಬಂದದ್ದು. ಬೆನ್ನಿಗೆ ಬಟ್ಟೆ ಇಲ್ಲ, ರಟ್ಟಿಲ್ಲ. ಫಾರಂಗಳನ್ನು ದಾರವೇ ಒಂದಕ್ಕೊಂದು ಕಟ್ಟಿ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಸಾಲಾಗಿ ಜಡೆ ಹೆಣೆದ ಹಾಗೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಸೇಂಟ್ ಕತ್‌ಬರ್ಟ್ ಸುವಾರ್ತೆ ಅನ್ನುವ ಅಂಗೈಯಗಲದ ಪುಸ್ತಕವನ್ನು ಇದೇ ಬಗೆಯಲ್ಲಿ ಹೊಲಿದಿದ್ದಾರೆ. ಎಂಟನೇ ಶತಮಾನದ ಶುರುವಿನದ್ದು. 1104ರಲ್ಲಿ ಆ ಸಂತನ ಶವಪೆಟ್ಟಿಗೆ ತೆರೆದಾಗ ಸಿಕ್ಕಿತು. ಮೂಲ ಕಟ್ಟು ಇವತ್ತಿಗೂ ಹಾಗೇ ಇದೆ. ನನ್ನ ಅಂಟಿನ ಪುಸ್ತಕ ಒಂದು ಮರಕ್ಕೆ ಕಳಚಿಕೊಂಡಿತ್ತು.

ಕೈಯಲ್ಲಿದ್ದದ್ದು 200 ಜಿಎಸ್‌ಎಂ ಕಾಗದದ ಎ4 ಹಾಳೆಗಳು. ಮಡಚಿದರೆ ಎ5. ದಪ್ಪ ಕಾಗದ ಆದ್ದರಿಂದ ಒಂದು ಫಾರಂಗೆ ಮೂರೇ ಹಾಳೆ, ಅಂಥ ಆರು ಫಾರಂ. ಎಣಿಸಿದರೆ 18 ಹಾಳೆ, 72 ಪುಟ. ಲಿಯನಾರ್ಡೋನ ಲೆಕ್ಕವೇ! ಹೋಲಿಕೆ ಅಲ್ಲಿಗೆ ಮುಗಿಯಿತು.

ಮಡಚುವಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಮಡಿಕೆ ಚೂಪಾಗಿ ಕೂರುತ್ತಿಲ್ಲ. ಉಗುರಿನಿಂದ ಎಳೆದರೆ ಅಂಚಿನಲ್ಲಿ ಸಣ್ಣ ಬಿರುಕು, ನಾರು ಎದ್ದುಬರುತ್ತಿದೆ. ಆದರೂ ಮಡಚಿದೆ. ಚಮಚದ ಬೆನ್ನಿನಿಂದ ತಿಕ್ಕಿ ತಿಕ್ಕಿ ಕೂರಿಸಿದೆ. ತೂತಿನ ಜಾಗಕ್ಕೆ ಪ್ರತಿ ಫಾರಂಗೂ ಸ್ಕೇಲ್ ಇಟ್ಟು ಐದೈದು ಗುರುತು ಮಾಡಿದೆ, ದಬ್ಬಳದಿಂದ ಚುಚ್ಚಿದೆ. ಬಟ್ಟೆ ಹೊಲಿಯುವ ದಾರವನ್ನೇ ಸೂಜಿಗೆ ಪೋಣಿಸಿದೆ.

ಮೂರನೇ ಫಾರಂ ಹೊತ್ತಿಗೆ ಮೂರು ತಪ್ಪುಗಳೂ ಒಟ್ಟಿಗೆ ಬಂದು ಕೂತವು. ದಾರ ಗಟ್ಟಿ ಮಾಡಲು ಮೇಲಕ್ಕೆ ಎಳೆದೆ, ತೆಳು ದಾರ ಗರಗಸದ ಹಾಗೆ ಮಡಿಕೆಯನ್ನು ಸೀಳಿಕೊಂಡು ಹೊರಬಂತು. ಅಳತೆಯಲ್ಲಿ ಅರ್ಧರ್ಧ ಮಿಲಿಮೀಟರ್ ತಪ್ಪಿದ್ದು ಸೇರಿ ಫಾರಂಗಳ ತಲೆ ಮೆಟ್ಟಿಲಾಗಿ ನಿಂತಿತು. ಸೀಳಿದ ಪುಟಕ್ಕೆ ಸುಮ್ನೆ ಒಂದಿಷ್ಟು ಬಣ್ಣ ಹಚ್ಚಿ ನೋಡಿದರೆ, ಒಣಗಿದಾಗ ಬೆನ್ನಿನ ಹತ್ತಿರ ಪುಟ ಅಲೆ ಅಲೆಯಾಗಿತ್ತು.

ಅಲೆ ಯಾಕೆ ಅಂತ ತಲೆಕೆರೆದುಕೊಂಡು ಮತ್ತೆ ಆ ಹಿರಿಯರ ಹತ್ತಿರ ಹೋದೆ. ಅವರು ಉಳಿದ ಒಂದು ಹಾಳೆಯನ್ನು ತೆಗೆದುಕೊಂಡು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿದರು. ನನ್ನ ಕೈಗೂ ಕೊಟ್ಟರು. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಸೆಟೆದು ನಿಲ್ಲುತ್ತದೆ.

"ಕಾಗದಕ್ಕೂ ಎಳೆ ಇರುತ್ತೆ. ಸಲೀಸಾಗಿ ಬಾಗೋ ಕಡೆಗೇ ಮಡಚಬೇಕು. ನೀನು ಅಡ್ಡ ಮಡಚಿದ್ದೀಯ."

ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಹೆಚ್ಚಾಗಿ ಮಲಗುತ್ತವೆ. ನೀರು ತಾಗಿದರೆ ನಾರು ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ದಪ್ಪಕ್ಕೆ ಊದುತ್ತದೆ. ಎಳೆ ಬೆನ್ನಿನ ಗುಂಟ ಇದ್ದರೆ ಹಾಳೆ ಹೊರಗಿನ ಅಂಚಿನ ಕಡೆಗೆ ಹಿಗ್ಗುತ್ತದೆ, ಅಲ್ಲಿ ತಡೆಯುವವರಿಲ್ಲ. ಎಳೆ ಅಡ್ಡ ಇದ್ದರೆ ಮೇಲೆ ಕೆಳಗೆ ಹಿಗ್ಗಬೇಕು, ಬೆನ್ನಿನಲ್ಲಿ ದಾರ ಹಿಡಿದುಕೊಂಡಿದೆ, ಹೋಗುವುದೆಲ್ಲಿಗೆ? ಅಲೆಯಾಗುತ್ತದೆ. ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ ಉದ್ದ ಬದಿಯ ಗುಂಟ ಇರುತ್ತದೆ. ಅದನ್ನು ಅರ್ಧಕ್ಕೆ ಮಡಚಿ ಎ5 ಮಾಡಿದರೆ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಉಪಾಯ ಏನೆಂದರೆ, ಉದ್ದಕ್ಕೆ ಎಳೆ ಇರುವ ಎ3 ಹಾಳೆ ತಂದು ಎರಡು ತುಂಡು ಮಾಡುವುದು. ಆಗ ಬರುವ ಎ4 ತುಂಡಿನಲ್ಲಿ ಎಳೆ ಗಿಡ್ಡ ಬದಿಯ ಗುಂಟ ಇರುತ್ತದೆ. ಮಡಚಿದರೆ ಬೆನ್ನಿಗೆ ಸರಿಯಾಗಿ ಕೂರುತ್ತದೆ. ಇಷ್ಟು ತಿಳಿಯಲು 18 ಹಾಳೆ ಹಾಳಾದವು.

ಎರಡನೇ ಸಲ ಅವಸರ ಮಾಡಲಿಲ್ಲ. 9 ಎ3 ಹಾಳೆ ಕತ್ತರಿಸಿದೆ. ಒಂದು ರಟ್ಟಿನ ಪಟ್ಟಿಗೆ ಐದು ತೂತು ಹೊಡೆದು ಅದನ್ನೇ ಅಚ್ಚು ಮಾಡಿಕೊಂಡು ಎಲ್ಲ ಫಾರಂಗೂ ಚುಚ್ಚಿದೆ. ದಪ್ಪ ಲಿನನ್ ದಾರ ತಂದು ಜೇನುಮೇಣದ ಉಂಡೆಯ ಮೇಲೆ ಎಳೆದೆ. ಒಂದು ಫಾರಂನ ಉದ್ದ 21 ಸೆಂಟಿಮೀಟರ್, ಆರು ಫಾರಂ ಮತ್ತು ಎರಡು ರಟ್ಟು ಸೇರಿ ಎಂಟು ಪಟ್ಟು, ಅದರ ಮೇಲೆ ಗಂಟಿಗೆ ಒಂದು ಗೇಣು. ಹೆಚ್ಚುಕಡಿಮೆ ಎರಡು ಮೀಟರ್ ದಾರ.

ದಾರ ಎಳೆಯುವುದು ಮೇಲಕ್ಕಲ್ಲ, ಮಡಿಕೆಯ ಗುಂಟ, ಸೂಜಿ ಹೋಗುತ್ತಿರುವ ದಿಕ್ಕಿಗೇ. ಎಳೆದಾಗ ಮೇಣದ ದಾರ ಕಾಗದದಲ್ಲಿ ಸರಿಯುವ ಸಣ್ಣ ಸದ್ದು ಬರುತ್ತದೆ. ಆ ಸದ್ದು ನಿಂತರೆ ಬಿಗಿ ಸಾಕು ಅಂತ. ತೂತಿನಿಂದ ಹೊರಬಂದ ಸೂಜಿ, ಕೆಳಗಿನ ಫಾರಂನ ಹೊಲಿಗೆಯ ಹಿಂದೆ ನುಸುಳಿ, ಮತ್ತೆ ಅದೇ ತೂತಿಗೆ ಒಳಗೆ. ಮುಂದಿನ ತೂತು. ಮತ್ತೆ ಹಾಗೇ. ತುದಿಗೆ ಬಂದಾಗ ಒಂದು ಕುಣಿಕೆ, ಮೇಲಿನ ಫಾರಂಗೆ ಹತ್ತುವುದು. ನಾಲ್ಕನೇ ಫಾರಂ ಹೊತ್ತಿಗೆ ಬೆನ್ನಿನ ಮೇಲೆ ಜಡೆ ಕಾಣಿಸತೊಡಗಿತು. ಎಡಗೈಯವನಾದ್ದರಿಂದ ನಾನು ಬಲತುದಿಯಿಂದ ಶುರು ಮಾಡಿದ್ದೆ. ಹೊಲಿಗೆಗೆ ಯಾವ ಕೈ ಅಂತ ಗೊತ್ತಾಗುವುದಿಲ್ಲ, ಅದೊಂದು ಸಮಾಧಾನ.

ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆಯುತ್ತದೆ. ಹಿಂದಕ್ಕೆ ಮಡಚಿದರೂ ಮಡಚಿಕೊಳ್ಳುತ್ತದೆ, ತಂತಿ ಇಲ್ಲದ ಸ್ಪೈರಲ್ ಹಾಗೆ. ಆದರೆ ಹೊಗಳುವಾಗ ಇದರ ಕಾಟವನ್ನೂ ಹೇಳಬೇಕು. ಒಂದು ಫಾರಂ ಮುಗಿದು ಇನ್ನೊಂದು ಶುರುವಾಗುವ ಕಡೆ ಸಣ್ಣ ಸಂದು ಕಾಣುತ್ತದೆ, ಒಳಗಿನಿಂದ ದಾರ ಇಣುಕುತ್ತದೆ. ಒಂದೇ ಹಾಳೆಯಾಗಿ ಸಿಗುವ ಜೋಡಿಪುಟ ಫಾರಂನ ನಟ್ಟನಡುವೆ ಮಾತ್ರ. ಅಂದರೆ 72 ಪುಟದ ಪುಸ್ತಕದಲ್ಲಿ ಆರೇ ಆರು. ಅವುಗಳ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದೊಂದು ಚುಕ್ಕೆ ಇಟ್ಟುಕೊಂಡಿದ್ದೇನೆ. ಅಗಲದ ಚಿತ್ರ ಬಂದರೆ ಮುಂದಿನ ಚುಕ್ಕೆಗೆ ಹಾರುತ್ತೇನೆ, ಬಿಟ್ಟ ಪುಟಗಳನ್ನು ಆಮೇಲೆ ತುಂಬುತ್ತೇನೆ. ಹಾಗಾಗಿ ಪುಸ್ತಕದಲ್ಲಿ ತಾರೀಖುಗಳು ಹಿಂದುಮುಂದು. ಮತ್ತೆ, ಈ ಪುಸ್ತಕದಿಂದ ಒಂದು ಹಾಳೆಯನ್ನೂ ಹರಿದಿಲ್ಲ. ಹರಿದರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಹೊತ್ತು ಕೂತು ಹೊಲಿದವನಿಗೆ ಹರಿಯಲು ಮನಸ್ಸು ಬರಬೇಕಲ್ಲ. ಆರು ಬೆರಳಿನ ಕೈ ಈಗ 14ನೇ ಪುಟದಲ್ಲಿ ಹಾಗೇ ಇದೆ. 15ರಲ್ಲಿ ಅದೇ ಕೈ ಐದು ಬೆರಳಿನದು.

ಈಗ ಹೀಗೆ ಹಂಚಿಕೊಂಡಿದ್ದೇನೆ. ಚೀಲದಲ್ಲಿ ಕಾರ್ಖಾನೆಯ ಹೊಲಿಗೆಯ ಗಟ್ಟಿ ರಟ್ಟಿನದು, ಯಾಕೆಂದರೆ ಕಾಪ್ಟಿಕ್ ಬೆನ್ನು ಬೆತ್ತಲೆ, ಬೀಗದಕೈಗೆ ಸಿಕ್ಕರೆ ದಾರ ಹರಿಯುತ್ತದೆ. ಕೈಯಲ್ಲಿ ಹೊಲಿದದ್ದು ಮೇಜಿಗೆ ಮತ್ತು ಹತ್ತಿರದ ತಿರುಗಾಟಕ್ಕೆ. ಜೇಬಿಗೆ ಒಂದು ಪಿನ್ ಪುಸ್ತಕ. ಸ್ಪೈರಲ್‌ನಲ್ಲಿ ಉಳಿದ 31ರ ಹಿಂಬದಿಗಳು ಬಣ್ಣ ಪರೀಕ್ಷೆ ಮಾಡಲು.

ಕಳೆದ ವಾರ ಅದೇ ಮರದ ಹತ್ತಿರ ಹೋದೆ. ಚುಕ್ಕೆ ಇಟ್ಟ ಮೂರನೇ ಜೋಡಿಪುಟ ತೆರೆದೆ. ಈ ಸಲ ಮೊದಲು ಕಾಂಡವನ್ನೇ ಬರೆದೆ, ಸರಿಯಾಗಿ ಮಡಿಕೆಯ ಮೇಲೆ. ದಾರ ಕಾಂಡದ ನಡುವೆ ಮೇಲಿಂದ ಕೆಳಗೆ ಹೋಯಿತು. ಬಣ್ಣ ಹಚ್ಚಿದಾಗ ತೂತುಗಳಿಂದ ಒಂದಿಷ್ಟು ಕಂದು ಹಿಂದಿನ ಫಾರಂಗೂ ಇಳಿಯಿತು. ಇಳಿಯಲಿ, ಕಾಂಡ ಇದ್ದಲ್ಲೇ ಇತ್ತು.

ಪುಸ್ತಕವನ್ನು ಆ ಹಿರಿಯರಿಗೆ ತೋರಿಸಲು ಒಯ್ದೆ. ಮರದ ಪುಟವನ್ನೇ ತೆರೆದು ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ತುಂಬಾ ಹೊತ್ತು ನೋಡಿದರು. ಆಮೇಲೆ ಕಾಂಡದ ಮೇಲೆ ಬೆರಳಿಟ್ಟರು.

"ಇಲ್ಲಿ ದಾರ ಸಡಿಲ ಬಿಟ್ಟಿದ್ದೀಯಲ್ಲೋ," ಅಂದರು.